ಹನ್ನೆರಡನೆಯ ಇಂಜಿನ್

ಎಂಟು ತಿಂಗಳಲ್ಲಿ ಹನ್ನೊಂದು ಇಂಜಿನ್ ನೋಡಿ ಹನ್ನೊಂದನ್ನೂ ಬೇಡವೆಂದವನು ನನ್ನ ತಮ್ಮ. ಮದುವೆಗೆ ಹುಡುಗಿಯನ್ನು ಒಪ್ಪಲು ಅರ್ಧ ಲೋಟ ಚಹಾ ಕುಡಿಯುವಷ್ಟು ಹೊತ್ತೂ ತೆಗೆದುಕೊಳ್ಳದ ಮಹಾರಾಯ, ದೋಣಿಯ ಹಿಂದೆ ಕಟ್ಟುವ ಒಂದು ಹಳೆಯ ಔಟ್‌ಬೋರ್ಡ್ ಇಂಜಿನ್ ಮುಂದೆ ಇಡೀ ಮಧ್ಯಾಹ್ನ ಕುಕ್ಕರಗಾಲಲ್ಲಿ ಕೂತು, ಕೊನೆಗೆ ಕೈ ಒರೆಸಿಕೊಂಡು "ಇನ್ನೊಂದು ನೋಡೋಣ" ಎಂದು ಎದ್ದು ಬರುತ್ತಿದ್ದ. ಅದೇ ಅವನ ಹೆಸರಾಗಿಹೋಯಿತು. ಅವನು ದಾರಿಯಲ್ಲಿ ಕಂಡರೆ ಸಾಕು, ಬಲೆ ಹೊಲಿಯುತ್ತ ಕೂತವರು "ಇನ್ನೊಂದು ಬಂತು ನೋಡು" ಎಂದು ನಗುತ್ತಿದ್ದರು. ನಕ್ಕವರನ್ನು ನಾನು ಅಲ್ಲೇ ನಿಂತು ಬೈಯುತ್ತಿದ್ದೆ, ಮನೆಗೆ ಬಂದು ಅವನನ್ನೂ ಬೈಯುತ್ತಿದ್ದೆ. ನನಗೆ ಬಾಯಿ ಸ್ವಲ್ಪ ಜಾಸ್ತಿ, ಒಪ್ಪುತ್ತೇನೆ.

ದೋಣಿ ನಮ್ಮಪ್ಪನದು. ಹೋಗುವಾಗ ಇಬ್ಬರಿಗೂ ಸೇರಿ ಬಿಟ್ಟುಹೋದ. ಕಡಲಿನ ಕೆಲಸ ತಮ್ಮನದು, ದಡದ ಕೆಲಸ ನನ್ನದು. ಪೆಟ್ರೋಲ್ ತುಂಬಿಸಿ ಟ್ಯಾಂಕ್ ಹೊತ್ತು ತರುವುದು, ಐಸ್ ತರುವುದು, ಅವನು ತಂದ ಮೀನನ್ನು ಬುಟ್ಟಿಗೆ ಸುರಿದುಕೊಂಡು ಮಾರುಕಟ್ಟೆಯಲ್ಲಿ ಗಂಟಲು ಹರಿದು ಮಾರುವುದು, ಸಂಜೆ ಬಲೆಯ ಹರಿದ ಕಣ್ಣುಗಳನ್ನು ಕೂಡಿಸುವುದು, ಎಲ್ಲ ನನ್ನ ಪಾಲಿನದು. ಅವನ ಮನೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಆಚೆ ಅವನು ಸೀನಿದರೆ ಈಚೆ ನನಗೆ ಕೇಳಿಸುತ್ತದೆ.

ಅವನೇನು ಹುಟ್ಟಾ ಅಂಜುಬುರುಕನಲ್ಲ. ಜಾಗ್ರತೆಯ ಮನುಷ್ಯ, ಅಷ್ಟೆ. ಒಂದು ಗಂಟು ಸಾಕಾದಲ್ಲಿ ಎರಡು ಹಾಕುತ್ತಾನೆ, ಬಾಗಿಲಿಗೆ ಚಿಲಕ ಹಾಕಿದ ಮೇಲೂ ಒಮ್ಮೆ ಎಳೆದು ನೋಡುತ್ತಾನೆ. ಹತ್ತು ವರ್ಷದವನಿದ್ದಾಗ ಮನೆಯ ಗಡಿಯಾರ ನಿಂತುಹೋಯಿತೆಂದು ಅದನ್ನು ಬಿಚ್ಚಿ ಚಾಪೆಯ ಮೇಲೆ ಹರಡಿ, ಎರಡು ದಿನ ನಮ್ಮನ್ನೆಲ್ಲ ಗೋಡೆಗೆ ಅಂಟಿಕೊಂಡು ಓಡಾಡುವಂತೆ ಮಾಡಿದ. ಕೊನೆಗೆ ಗಡಿಯಾರ ಓಡಿತು. ಒಂದು ಹಲ್ಲಿನ ಚಕ್ರ ಮಿಕ್ಕಿತ್ತು, ಕೇಳಿದರೆ ಅದು ಬೇಕಿಲ್ಲದ್ದು ಎಂದ. ಯಾವುದು ನಿಂತರೂ ಅದಕ್ಕೊಂದು ಕಾರಣವಿರುತ್ತದೆ, ಹುಡುಕಿದರೆ ಸಿಗುತ್ತದೆ ಎನ್ನುವುದು ಅವನಿಗೆ ಆಗಿನಿಂದಲೂ ಗಟ್ಟಿ. ಆ ನಂಬಿಕೆ ಮುರಿದುಬಿತ್ತಲ್ಲ, ಅದೇ ಈ ಕಥೆ.

ಎಂಟು ತಿಂಗಳ ಹಿಂದಿನ ಮಾತು. ಅವನು ಬೆಳಕು ಹರಿಯುವ ಮುಂಚೆ ಒಬ್ಬನೇ ಹೋದ. ಅಲೆ ತಡೆಯಲು ಕಟ್ಟಿದ ಕಲ್ಲಿನ ಗೋಡೆ ದಾಟಿ ಅರ್ಧ ಗಂಟೆಯಾಗಿರಲಿಲ್ಲ, ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹಗ್ಗ ಎಳೆದ. ಎಳೆದೂ ಎಳೆದೂ ಸೋತು ಮುಚ್ಚಳ ತೆಗೆದಾಗ ಅಲೆ ಸಿಡಿದು ಪ್ಲಗ್ ಒದ್ದೆಯಾಯಿತು. ಅದನ್ನು ಬಿಚ್ಚಿ ಒರೆಸುವಾಗ ಸ್ಪ್ಯಾನರ್ ಕೈಜಾರಿ ನೀರಿಗೆ ಬಿತ್ತು. ಪ್ಲಗ್ಗನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ ಮತ್ತೆ ಎಳೆದಾಗ ಹಗ್ಗವೇ ತುಂಡಾಗಿ ಕೈಗೆ ಬಂತು. ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು. ಲಂಗರು ಬಿಟ್ಟ, ಅದು ಮರಳಿನಲ್ಲಿ ಕಚ್ಚದೆ ಜಾರುತ್ತಲೇ ಹೋಯಿತು. ಇದ್ದ ಒಂದು ಹುಟ್ಟಿನಲ್ಲಿ ಅಂಗೈ ಸುಲಿಯುವ ತನಕ ತೊಳಸಿದ. ದಡ ಮೊದಲು ಗೆರೆಯಾಯಿತು, ಆಮೇಲೆ ಅದೂ ಹೋಯಿತು. ಒಂದು ಹಗಲು, ಒಂದು ರಾತ್ರಿ. ಮರುದಿನ ಮಧ್ಯಾಹ್ನ ಯಾವುದೋ ದೊಡ್ಡ ಬೋಟಿನವರು ಕಂಡು ಎಳೆದು ತಂದರು. ಅವನ ತುಟಿ ಬಿರಿದಿತ್ತು, ಮಾತು ಹೊರಡುತ್ತಿರಲಿಲ್ಲ. ಅಷ್ಟು ಹೊತ್ತೂ ನಾನು ಆ ಕಲ್ಲಿನ ಗೋಡೆಯ ಮೇಲೆ ಕೂತು ಇಂಜಿನ್ನನ್ನೂ, ಅದನ್ನು ಮಾಡಿದವನನ್ನೂ, ಮಾರಿದವನನ್ನೂ ಏಳು ತಲೆಮಾರು ಹಿಡಿದು ಶಪಿಸಿದ್ದೆ.

ನಿಜವಾದ ಹೆದರಿಕೆ ಶುರುವಾದದ್ದು ಅವನು ದಡಕ್ಕೆ ಬಂದ ಮೇಲೆ. ಇಂಜಿನ್ನನ್ನು ಗ್ರೀಸ್ ಮಾವನ ಅಂಗಡಿಗೆ ಹಾಕಿದೆವು. ಮಾವ ಎಂದರೆ ನಮಗೇನೂ ಸಂಬಂಧವಿಲ್ಲ, ಇಡೀ ಬಂದರಿಗೇ ಅವನು ಮಾವ. ಐವತ್ತು ವರ್ಷದಿಂದ ಅದೇ ತಗಡಿನ ಶೆಡ್ಡು, ಗೋಡೆಗೆ ಸಾಲಾಗಿ ನೇತುಹಾಕಿದ ಇಂಜಿನ್ನುಗಳು, ಮಧ್ಯೆ ನೀರು ತುಂಬಿದ ದೊಡ್ಡ ಕಬ್ಬಿಣದ ಡ್ರಮ್ಮು. ಇಂಜಿನ್ನಿನ ಬಾಲವನ್ನು ಆ ಡ್ರಮ್ಮಿಗೆ ಇಳಿಸಿ, ತನ್ನದೇ ಟ್ಯಾಂಕಿನ ಪೈಪು ಸಿಕ್ಕಿಸಿ ಓಡಿಸಿ ನೋಡುವುದು ಅವನ ಪದ್ಧತಿ. ನಮ್ಮದಕ್ಕೆ ಹೊಸ ಹಗ್ಗ ಹಾಕಿ, ಪ್ಲಗ್ ಒಣಗಿಸಿ ಎಳೆದ. ಒಂದೇ ಎಳೆತ. ಹಾಡುತ್ತ ಓಡಿತು. ಒಂದು ತಾಸು ಓಡಿಸಿದರೂ ಕೆಮ್ಮಲಿಲ್ಲ. ಪೂರ್ತಿ ಬಿಚ್ಚಿ ನೋಡಿದ, ಏನೂ ಸಿಗಲಿಲ್ಲ. ಮಾವ ಕೈಚೆಲ್ಲಿ, ಇದರಲ್ಲಿ ಏನೂ ಕೆಟ್ಟಿಲ್ಲ ಎಂದ.

ನನ್ನ ತಮ್ಮನ ಮುಖ ಬಿಳಿಚಿಕೊಂಡದ್ದು ಆಗ. ಏನಾದರೂ ಮುರಿದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಏನೂ ಕೆಡದೆ ನಿಲ್ಲುವ ಇಂಜಿನ್ ಯಾವತ್ತು ಬೇಕಾದರೂ ನಿಂತೀತು. ಅದನ್ನು ಅವನು ಮನೆಗೆ ತರಲಿಲ್ಲ, ಬಿಡಿಭಾಗಕ್ಕೆಂದು ಗುಜರಿಗೆ ಕೊಟ್ಟುಬಿಟ್ಟ. ಐಸ್ ಕಾರ್ಖಾನೆಯಲ್ಲಿ ಗಡ್ಡೆ ಒಡೆಯುವ ಕೆಲಸ ಹಿಡಿದ. ಇಂಜಿನ್ ಸಿಗುವ ತನಕ ಮಾತ್ರ ಎಂದ. ರಾತ್ರಿ ನಿದ್ದೆಯಲ್ಲಿ ಎದ್ದು ಕೂತು, ಕಣ್ಣು ಮುಚ್ಚಿಕೊಂಡೇ ಬಲಗೈಯಿಂದ ಏನನ್ನೋ ಎಳೆಯುತ್ತಾನೆ, ಎಳೆಯುತ್ತಲೇ ಇರುತ್ತಾನೆ ಎಂದು ನಾದಿನಿ ನನ್ನ ಹತ್ತಿರ ಹೇಳಿ ಅತ್ತಳು. ಗೋಡೆಯ ಈಚೆ ಮಂಚದ ಆ ಕಿರುಗುಟ್ಟುವಿಕೆ ನನಗೂ ಕೇಳಿಸುತ್ತಿತ್ತು. ನಾನು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಳ್ಳುತ್ತಿದ್ದೆ.

ಹೀಗೆ ಇಂಜಿನ್ ಹುಡುಕಾಟ ಶುರುವಾಯಿತು. ಮೊದಮೊದಲು ಅವನು ಹೇಳುತ್ತಿದ್ದ ಕಾರಣಗಳಿಗೆ ಮಾವನೂ ತಲೆದೂಗುತ್ತಿದ್ದ. ಮೊದಲನೆಯದರ ಮೈಗೆ ಅಂಗೈ ಹಿಂಬದಿ ತಾಗಿಸಿ, ಇದು ಬೆಚ್ಚಗಿದೆ, ನಾವು ಬರುವ ಮುಂಚೆ ಓಡಿಸಿ ಕಾಯಿಸಿಟ್ಟಿದ್ದಾರೆ, ತಣ್ಣಗಿದ್ದಾಗ ಇದು ಏಳುವುದಿಲ್ಲ ಎಂದ. ಸರಿಯಾಗಿತ್ತು. ಇನ್ನೊಂದರ ಕೆಳಗಿನ ತಿರುಪು ಬಿಚ್ಚಿದರೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿತ್ತು, ಒಳಗೆ ನೀರು ಹೊಕ್ಕಿದೆ ಎಂದರ್ಥ. ಮತ್ತೊಂದಕ್ಕೆ ಹೊರಗೆಲ್ಲ ಹೊಸ ಬಣ್ಣ, ಮುಚ್ಚಳ ತೆಗೆದರೆ ಮೂಲೆಯಲ್ಲಿ ಉಪ್ಪು ಹೆಪ್ಪುಗಟ್ಟಿತ್ತು. ಅದು ಒಮ್ಮೆ ಮುಳುಗಿ ಎದ್ದ ಇಂಜಿನ್. ಅದನ್ನು ನೋಡಿ ಬಂದ ದಿನ ಅವನು ಊಟ ಮಾಡಲಿಲ್ಲ. ಅದರ ದೋಣಿಯವರು ಏನಾದರು ಎಂದು ಮಾರುವವನನ್ನು ಕೇಳಿದನಂತೆ, ಅವನು ಮಾತು ಹಾರಿಸಿದನಂತೆ.

ಬರಬರುತ್ತ ಕಾರಣಗಳು ತೆಳ್ಳಗಾದವು. ಒಂದರ ಸದ್ದಿನಲ್ಲಿ ಏನೋ ಇದೆ ಎಂದ, ಏನೆಂದು ಹೇಳಲಾಗಲಿಲ್ಲ. ಒಂದರ ಮಾಲೀಕ ಕಣ್ಣು ಕೊಟ್ಟು ಮಾತಾಡಲಿಲ್ಲ. ಹತ್ತನೆಯದೋ ಹನ್ನೊಂದನೆಯದೋ, ಅದು ತೀರಾ ಚೆನ್ನಾಗಿದೆಯಂತೆ, ಇಷ್ಟು ಚೆನ್ನಾಗಿರುವುದನ್ನು ಯಾರಾದರೂ ಯಾಕೆ ಮಾರುತ್ತಾರೆ ಎಂದ. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ದೋಣಿಯ ಹಲಗೆಗಳು ಬಿಸಿಲಿಗೆ ಬಾಯಿ ಬಿಡುತ್ತಿದ್ದವು. ನಾನು ಬೇರೆಯವರ ಮೀನು ಕೊಂಡು ಮಾರಿ ಹೊಟ್ಟೆ ಹೊರೆಯುತ್ತಿದ್ದೆ, ಇವನು ಅಲ್ಲಿ ಐಸಿನ ಕೋಣೆಯಲ್ಲಿ ಮುದುಡಿ ಮುದುಡಿ ಮೂವತ್ತೆಂಟಕ್ಕೇ ಮುದುಕನಾಗುತ್ತಿದ್ದ.

ಒಂದು ಮಧ್ಯಾಹ್ನ ಮಾವ ನನ್ನನ್ನು ಕರೆದು ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂರಿಸಿದ. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ," ಎಂದ. "ನಿನ್ನ ತಮ್ಮ ಇಷ್ಟು ಇಂಜಿನ್ ನೋಡಿದನಲ್ಲ, ಒಂದನ್ನಾದ್ರೂ ದೋಣಿಗೆ ಕಟ್ಟಿ ನೋಡಿದ್ದಾನಾ? ಡ್ರಮ್ಮಿನ ನೀರಲ್ಲಿ ಯಾವುದಾದ್ರೂ ಓಡುತ್ತೆ. ಭಾರ ಎಳೀಬೇಕು, ಅಲೆ ಹತ್ತಬೇಕು, ಆಗ ಗೊತ್ತಾಗೋದು. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು."

ನಾನು ಮನಸ್ಸಿನಲ್ಲೇ ಒಂದೊಂದನ್ನೂ ನೆನೆದು ನೋಡಿದೆ. ಹೌದು. ಡ್ರಮ್ಮಿನಿಂದ ಮೇಲೆತ್ತುವ ಮೊದಲೇ ಪ್ರತಿಯೊಂದಕ್ಕೂ ಒಂದು ತಪ್ಪು ಸಿಕ್ಕಿರುತ್ತಿತ್ತು. ಕಟ್ಟಿ ನೋಡೋಣ ಎಂದು ಯಾರಾದರೂ ಹೇಳುವಷ್ಟರಲ್ಲಿ ಅವನು ಕೈ ಒರೆಸಿಕೊಂಡಾಗಿರುತ್ತಿತ್ತು. ಅವನು ಇಂಜಿನ್ ಆರಿಸುತ್ತಲೇ ಇರಲಿಲ್ಲ. ನೀರಿಗಿಳಿಯುವ ದಿನವನ್ನು ದೂಡುತ್ತಿದ್ದ, ಅಷ್ಟೆ.

ಇದನ್ನು ತಿಳಿದವಳು ಸುಮ್ಮನಿರಬೇಕಿತ್ತು, ಇಲ್ಲವೇ ಮೆತ್ತಗೆ ಮಾತಾಡಬೇಕಿತ್ತು. ನನ್ನ ನಾಲಿಗೆಗೆ ಅಷ್ಟು ಬುದ್ಧಿಯಿಲ್ಲ. ಸೀದಾ ಐಸ್ ಕಾರ್ಖಾನೆಗೆ ಹೋಗಿ, ಅವನ ಜೊತೆ ಕೆಲಸ ಮಾಡುವ ನಾಲ್ಕು ಜನರ ಮುಂದೆಯೇ ಅವನಿಗೆ ಹೇಡಿ ಎಂದೆ. ಅಪ್ಪನ ದೋಣಿ ಕೊಳೆಯುತ್ತಿದೆ, ನೀನು ಇಲ್ಲಿ ಐಸಿನಲ್ಲಿ ಅಡಗಿ ಕೂತಿದ್ದೀಯ ಎಂದೆ. ಅವನು ಸುತ್ತಿಗೆ ಕೆಳಗಿಟ್ಟ. ಕೈಗವಸು ಕಳಚಿ ಮೊಳೆಗೆ ಸಿಕ್ಕಿಸಿ ಮಾವನ ಅಂಗಡಿಯ ಕಡೆ ನಡೆದ. ನಾನೂ ಹಿಂದೆಯೇ ಹೋದೆ.

ಹನ್ನೆರಡನೆಯ ಇಂಜಿನ್ ಒಬ್ಬ ಮುದುಕನದು. ಬೆನ್ನುನೋವಿಗೆ ಕಡಲು ಬಿಟ್ಟವನು. ಇಂಜಿನ್ನಿಗೆ ಹಳೆಯ ಕಂಬಳಿ ಸುತ್ತಿ, ಮಗುವನ್ನು ತಂದಂತೆ ಅವತ್ತೇ ಅಂಗಡಿಗೆ ತಂದಿದ್ದ. ತಮ್ಮ ಅದರ ಮೈ ಮುಟ್ಟಿ ನೋಡಿದ, ತಣ್ಣಗಿತ್ತು. ಎಣ್ಣೆ ನೋಡಿದ, ಜೇನಿನ ಬಣ್ಣ. ಮುಚ್ಚಳ ತೆಗೆದು ಮೂಲೆಮೂಲೆಗೂ ಬೆರಳಾಡಿಸಿದ, ಉಪ್ಪಿಲ್ಲ. ನೀರು ತಳ್ಳುವ ಫ್ಯಾನಿನ ಮೂರು ರೆಕ್ಕೆಗಳನ್ನೂ ಸವರಿದ. ಡ್ರಮ್ಮಿಗಿಳಿಸಿ ಎಳೆದರೆ ಎರಡನೆಯ ಎಳೆತಕ್ಕೆ ಎದ್ದಿತು, ಪಕ್ಕದ ತೂತಿನಿಂದ ಇಂಜಿನ್ ತಣಿಸುವ ನೀರಿನ ಎಳೆ ನೆಟ್ಟಗೆ ಚಿಮ್ಮಿತು. ಅವನು ಬಹಳ ಹೊತ್ತು ಅದರ ಮೇಲೆ ಬಗ್ಗಿ ನಿಂತಿದ್ದ. ತಪ್ಪು ಹುಡುಕುತ್ತಿದ್ದಾನೆ, ಸಿಗುತ್ತಿಲ್ಲ ಎಂದು ನನಗೆ ಅವನ ಬೆನ್ನು ನೋಡಿಯೇ ಗೊತ್ತಾಯಿತು.

"ನಾಳೆ ದೋಣಿಗೆ ಕಟ್ತೀನಿ," ಎಂದ. ಆಮೇಲೆ ನನ್ನ ಕಡೆ ತಿರುಗಿದ. "ನೀನೂ ಬರಬೇಕು. ಹೇಡಿ ಅಂದವಳು ನೀನೇ ಅಲ್ವಾ."

ನಾನು ಕಲ್ಲಿನ ಗೋಡೆಯಾಚೆ ಹುಟ್ಟಿದಾರಭ್ಯ ಹೋದವಳಲ್ಲ. ಈಜು ಬಾರದು. ದಡದಲ್ಲಿ ನಿಂತು ಕೂಗಾಡುವುದೇ ನನ್ನ ಧೈರ್ಯ. ಆದರೆ ನಾಲ್ಕು ಜನರ ಮುಂದೆ ಆಡಿದ ಮಾತು, ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ನಮ್ಮ ಟ್ಯಾಂಕನ್ನು ಬಲೆಗಳ ಅಡಿಯಿಂದ ಎಳೆದು ತೊಳೆದೆ. ಎಂಟು ತಿಂಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಬೆಳಗ್ಗೆ ಪೆಟ್ರೋಲ್ ಕತ್ತಿನವರೆಗೆ ತುಂಬಿಸಿ, ಭದ್ರ ಮಾಡಿ, ಹೆಗಲ ಮೇಲೆ ಹೊತ್ತು ದಡಕ್ಕೆ ತಂದೆ. ನಾದಿನಿ ಬಾಗಿಲಲ್ಲೇ ನಿಂತಿದ್ದಳು. "ಅತ್ತಿಗೆ, ಅವರನ್ನ ವಾಪಸ್ ಕರ್ಕೊಂಡು ಬನ್ನಿ," ಎಂದಷ್ಟೇ ಹೇಳಿದಳು.

ಗೋಡೆಯ ಒಳಗೆ ನೀರು ಸುಮ್ಮನಿತ್ತು, ಇಂಜಿನ್ ಚೆನ್ನಾಗಿಯೇ ಓಡಿತು. ಮಾವ, ಮುದುಕ ಇಬ್ಬರೂ ದಡದಿಂದ ಕೈಯೆತ್ತಿದರು. ಗೋಡೆಯ ತುದಿ ದಾಟಿದೆವು. ದೋಣಿ ಒಮ್ಮೆಲೇ ಮೇಲೆದ್ದು ಕುಸಿಯಿತು. ಹಿಡಿಯಲು ಬೇರೇನೂ ಸಿಗದೆ ಕಾಲ ಬಳಿಯಿದ್ದ ಟ್ಯಾಂಕನ್ನೇ ತಬ್ಬಿಕೊಂಡೆ. ಅವನು ಮುಂದೆ ನೋಡುತ್ತಿರಲಿಲ್ಲ, ಹಿಂದೆ ತಿರುಗಿ ಇಂಜಿನ್ನನ್ನೇ ನೋಡುತ್ತಿದ್ದ. ಸಾಕು, ಗೊತ್ತಾಯಿತಲ್ಲ, ತಿರುಗಿಸು ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೂ ಸ್ವಲ್ಪ ದೂರ ಹೋದೆವು. ದಡದ ಮನೆಗಳು ಬೆಂಕಿಪೆಟ್ಟಿಗೆಯಷ್ಟಾದವು.

ಇಂಜಿನ್ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿ ನಿಂತಿತು.

ಸದ್ದು ನಿಂತ ಮೇಲೆ ಎಷ್ಟು ನೀರಿದೆ ಎನ್ನುವುದು ಕಿವಿಗೆ ಬೀಳುತ್ತದೆ. ನಾಲ್ಕೂ ಕಡೆ ಅದರದೇ ಸದ್ದು. ದೋಣಿ ಅಡ್ಡ ತಿರುಗಿ ಹೊಯ್ದಾಡತೊಡಗಿತು. ಅವನು ಹಗ್ಗ ಎಳೆದ. ಮೂರು ಸಲ, ನಾಲ್ಕು ಸಲ. ಆಮೇಲೆ ಕೈಬಿಟ್ಟು ಹಲಗೆಯ ಮೇಲೆ ಕೂತು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ.

"ಅದೇ ಥರ," ಎಂದ ಮೆಲ್ಲಗೆ. "ಅವತ್ತೂ ಹೀಗೇ ನಿಂತಿದ್ದು. ಎರಡು ಕೆಮ್ಮು, ಆಮೇಲೆ ಏನಿಲ್ಲ. ಅದು ಇಂಜಿನ್ನಿಂದಲ್ಲ ಅಕ್ಕ. ನನ್ನಿಂದಲೇ."

ಕಡಲಿಗಿಂತ ಅವನ ಕಣ್ಣು ನೋಡಿ ಹೆಚ್ಚು ಹೆದರಿದೆ. ಅವನು ಅಲ್ಲೇ ಸೋತು ಕೂತುಬಿಟ್ಟಿದ್ದ, ಎಳೆದು ನೋಡುವ ಮನಸ್ಸೂ ಇರಲಿಲ್ಲ. ನಾನು ಅವನನ್ನು ಬೈದೆ, ಬೇಡಿಕೊಂಡೆ, ಅಪ್ಪನನ್ನು ಕರೆದೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಟ್ಯಾಂಕನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಾಗ ಒಂದು ವಿಚಿತ್ರ ಗಮನಕ್ಕೆ ಬಂತು. ತುಂಬಿ ದುಂಡಗಿದ್ದ ಪ್ಲಾಸ್ಟಿಕ್ ಟ್ಯಾಂಕಿನ ಎರಡೂ ಪಕ್ಕ ಒಳಕ್ಕೆ ಹೋಗಿದ್ದವು, ಹಸಿದವನ ಕೆನ್ನೆಯ ಹಾಗೆ.

"ಟ್ಯಾಂಕ್ ಯಾಕೆ ಹೀಗೆ ಒಳಗೆ ಹೋಗಿದೆ?" ಎಂದೆ.

ಅವನು ತಲೆಯೆತ್ತಿದ. ತೆವಳಿಕೊಂಡು ಬಂದು ಟ್ಯಾಂಕಿನ ಪಕ್ಕ ಒತ್ತಿ ನೋಡಿದ. ಮುಚ್ಚಳದ ಮೇಲೆ ಬೆರಳಾಡಿಸಿದ. ಅದರ ನೆತ್ತಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ತಿರುಪಿತ್ತು. ಅದನ್ನು ಎರಡು ಸುತ್ತು ಸಡಿಲಿಸಿದ. ಉಸ್ಸೆಂದು ಗಾಳಿ ಒಳಗೆ ಹೋಯಿತು, ಟ್ಯಾಂಕಿನ ಪಕ್ಕಗಳು ಟಕ್ಕೆಂದು ಹೊರಕ್ಕೆ ಬಂದವು. ಪೆಟ್ರೋಲ್ ಹೊರಗೆ ಹೋಗಬೇಕಾದರೆ ಗಾಳಿ ಒಳಗೆ ಬರಬೇಕು. ದಾರಿ ಬಿಗಿದಿದ್ದರೆ ಇಂಜಿನ್ ಟ್ಯಾಂಕಿನಿಂದ ಹೀರಿ ಹೀರಿ, ಸ್ವಲ್ಪ ಹೊತ್ತಿಗೆ ಹೀರಲಾಗದೆ ಸಾಯುತ್ತದೆ. ಬಂದರಿನ ಪ್ರತಿಯೊಬ್ಬನಿಗೂ ಗೊತ್ತಿರುವ ವಿಷಯ.

ಅವನು ಆ ತಿರುಪನ್ನೇ ನೋಡುತ್ತಿದ್ದ. ಅವನು ಏನು ಕೇಳುತ್ತಾನೆಂದು ಅವನಿಗಿಂತ ಮೊದಲೇ ನನಗೆ ತಿಳಿಯಿತು.

"ನಮ್ಮ ಮುಚ್ಚಳದಲ್ಲಿ ತಿರುಪು ಇರಲಿಲ್ಲ," ಎಂದ. "ಬರೀ ತೂತಿತ್ತು. ಇದು ಯಾವಾಗ ಬಂತು?"

ಸುಳ್ಳು ಹೇಳಬಹುದಿತ್ತು. ನಿನ್ನೆ ತಂದೆ ಎಂದರೆ ಮುಗಿಯುತ್ತಿತ್ತು. ಆದರೆ ಆಗ ಅವನಿಗೆ ಆ ಹಳೆಯ ಕಾರಣ ಯಾವತ್ತೂ ಸಿಗುತ್ತಿರಲಿಲ್ಲ.

"ನೀನು ಕಾಣೆಯಾದೆಯಲ್ಲ, ಅದರ ಹಿಂದಿನ ದಿನ ತಂದಿದ್ದು," ಎಂದೆ.

ಆ ಹಳೆಯ ಮುಚ್ಚಳದ ತಿರುಪು ಎಂದೋ ಉದುರಿಹೋಗಿತ್ತು. ತೂತು ಸದಾ ತೆರೆದೇ ಇರುತ್ತಿದ್ದರಿಂದ ಅವನಿಗೆ ಅದರ ಯೋಚನೆಯೇ ಬೇಕಿರಲಿಲ್ಲ. ಹೊತ್ತು ತರುವಾಗ ಅದರಿಂದ ತುಳುಕುವ ಪೆಟ್ರೋಲ್ ನನ್ನ ಹೆಗಲನ್ನು ಸುಡುತ್ತಿತ್ತು. ಅಂಗಡಿಯವನು ಹೊಸ ಮುಚ್ಚಳ ತೋರಿಸಿ, ಈ ತಿರುಪು ಬಿಗಿಮಾಡಿದರೆ ಒಂದು ಹನಿಯೂ ಚೆಲ್ಲುವುದಿಲ್ಲ ಎಂದ. ಮೈಯಲ್ಲಿದ್ದ ಬಲವೆಲ್ಲ ಹಾಕಿ ಬಿಗಿದೆ. ಎರಡೂ ಕಪ್ಪು ಮುಚ್ಚಳವೇ. ಇಷ್ಟು ಸಣ್ಣ ವಿಷಯ ಅವನಿಗೆ ಏನು ಹೇಳುವುದು ಎಂದು ಹೇಳಲಿಲ್ಲ. ಅವತ್ತು ಕತ್ತಲಲ್ಲಿ ಟ್ಯಾಂಕನ್ನು ಅವನು ಬಲೆಯ ರಾಶಿಯ ಕೆಳಗೆ ತಳ್ಳಿದ್ದ. ಇಂಜಿನ್ ನಿಂತ ಮೇಲೆ ಅಲ್ಲೇ ಕೈಹಾಕಿ ಅಲುಗಾಡಿಸಿ ಭಾರ ನೋಡಿ, ಪೆಟ್ರೋಲ್ ಇದೆ ಎಂದುಕೊಂಡಿದ್ದ. ಮಾವನ ಅಂಗಡಿಯಲ್ಲಿ ಓಡಿದ್ದು ಮಾವನ ಟ್ಯಾಂಕಿನಿಂದ. ಒಂದು ಹಗಲು, ಒಂದು ರಾತ್ರಿ, ಎಂಟು ತಿಂಗಳು, ಎಲ್ಲ ನನ್ನ ಕೈಯ ಬಿಗಿತ. ಇವತ್ತೂ ಅದೇ ಕೈಯಿಂದ ಅಷ್ಟೇ ಭದ್ರವಾಗಿ ಬಿಗಿದು ತಂದಿದ್ದೆ.

ಅವನು ಹೊಡೆದಿದ್ದರೂ ತಿನ್ನುತ್ತಿದ್ದೆ. ಅವನು ಹೊಡೆಯಲಿಲ್ಲ. ತಿರುಪನ್ನು ಬೆರಳಿನಿಂದ ಸವರುತ್ತ, "ಹಾಗಾದ್ರೆ ಇಂಜಿನ್ ಸರಿಯಾಗೇ ಇತ್ತು," ಎಂದ. ಆಮೇಲೆ, "ಪಾಪ, ಅದನ್ನ ಗುಜರಿಗೆ ಹಾಕ್ಬಿಟ್ಟೆ," ಎಂದ. ಅಷ್ಟು ಹೇಳುವಾಗ ಅವನ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. ಪೆಟ್ರೋಲನ್ನು ಇಂಜಿನ್ನಿಗೆ ತಳ್ಳುವ, ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವ ತನಕ ಹಿಸುಕಿದ, ಎದ್ದು ನಿಂತು ಹಗ್ಗ ಎಳೆದ. ಎರಡನೆಯ ಎಳೆತಕ್ಕೆ ಇಂಜಿನ್ ಎದ್ದಿತು. ದಡ ಮುಟ್ಟುವ ತನಕ ನಾನು ಮುಖ ಮುಚ್ಚಿಕೊಂಡೇ ಇದ್ದೆ. ಇಳಿದವನೇ ಮುದುಕನ ಕೈ ಹಿಡಿದು, ಇದನ್ನು ನಾನು ತಗೊಂಡೆ ಎಂದ.

ನಾದಿನಿಗೆ ನಾನೇ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಆಮೇಲೆ ಚಹಾ ತಂದುಕೊಟ್ಟಳು, ಮುಖ ನೋಡಲಿಲ್ಲ. ಆ ರಾತ್ರಿ ಗೋಡೆಯಾಚೆ ಮಂಚ ಸದ್ದು ಮಾಡಲಿಲ್ಲ. ಅವನು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದ. ಈಚೆ ನಾನು ಎದ್ದು ಕೂತಿದ್ದೆ. ಆ ದೊಡ್ಡ ಬೋಟು ಬೇರೆ ದಾರಿಯಲ್ಲಿ ಹೋಗಿದ್ದರೆ ಎನ್ನುವ ಯೋಚನೆ ಬೆಳಗಾದರೂ ಬಿಡಲಿಲ್ಲ.

ನಾಲ್ಕನೆಯ ದಿನ ಅವನು ಬಲೆ ಹೇರಿ ದೋಣಿ ನೀರಿಗೆ ತಳ್ಳಿದ. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆ. ಅವನೇ ಬಂದು ಬಾಗಿಲು ತಟ್ಟಿ, ಟ್ಯಾಂಕ್ ಎಲ್ಲಿ ಎಂದು ಕೇಳಿದ. ನೀನೇ ತುಂಬಿಸಿಕೊಂಡು ಹೋಗು, ನಾನು ಇನ್ನು ಅದನ್ನು ಮುಟ್ಟುವುದಿಲ್ಲ ಎಂದೆ.

"ಅಪ್ಪನ ಕಾಲದಿಂದ ಟ್ಯಾಂಕ್ ತರೋದು ನೀನು," ಎಂದ. "ನೀನೇ ತಾ."

ಹೇಳಿ ಹೊರಟೇಹೋದ. ತುಂಬಿಸಿದೆ, ಹೊತ್ತೆ. ದಾರಿಯುದ್ದಕ್ಕೂ ನಾಲ್ಕು ಸಲ ಇಳಿಸಿ ತಿರುಪು ನೋಡಿದೆ. ತೆರೆದಿತ್ತು. ಪೆಟ್ರೋಲ್ ಹೆಗಲ ಮೇಲೆ ತುಳುಕಿ ಉರಿಯಿತು, ಉರಿಯಲಿ ಎಂದು ಬಿಟ್ಟೆ. ಅವನು ಸೊಂಟದವರೆಗಿನ ನೀರಿನಲ್ಲಿ ದೋಣಿ ಹಿಡಿದು ನಿಂತಿದ್ದ. ಇನ್ನೊಮ್ಮೆ ನೋಡುತ್ತೇನೆ ಎಂದೆ. ಅವನು ಕಾದ. ಮತ್ತೊಮ್ಮೆ ಎಂದೆ.

"ಕೊಡಕ್ಕ, ಹೊತ್ತಾಗ್ತಿದೆ," ಎಂದ.

ಕೊಡಬೇಕೆಂದೇ ಇದ್ದೆ, ಬೆರಳುಗಳು ಹಿಡಿಕೆಯನ್ನು ಬಿಡಲಿಲ್ಲ. ಅವನು ಒಂದೊಂದೇ ಬೆರಳನ್ನು ಬಿಡಿಸಿ ಟ್ಯಾಂಕ್ ತೆಗೆದುಕೊಂಡು ಹೋದ.